ತಲೆಯೊಳಗಿನ ನಕಾಶೆ

ಕರೆಂಟು ಹೋದಾಗಲೂ ನಿಮ್ಮ ಕೈ ನೇರವಾಗಿ ಬೆಂಕಿಪೊಟ್ಟಣಕ್ಕೇ ಹೋಗುತ್ತದಲ್ಲವೇ? ಯಾವುದು ಎಲ್ಲಿದೆ ಎಂಬ ನಕಾಶೆ ಇರುವುದು ಮಿದುಳಿನ ಹಿಪೊಕ್ಯಾಂಪಸ್ ಎಂಬ ಭಾಗದಲ್ಲಿ. ಒಂದೊಂದು ಜಾಗಕ್ಕೆ ಬಂದಾಗ ಅಲ್ಲಿ ಒಂದೊಂದು ಜೀವಕೋಶ ಚುರುಕಾಗುವುದನ್ನು ಜಾನ್ ಓಕೀಫ್ 1971ರಲ್ಲಿ ಇಲಿಗಳಲ್ಲಿ ತೋರಿಸಿಕೊಟ್ಟರು.

ಆದರೆ ಈ ನಕಾಶೆ ಕಲ್ಲಿನಲ್ಲಿ ಕೊರೆದದ್ದಲ್ಲ! 2013ರ ಅಧ್ಯಯನವೊಂದರಲ್ಲಿ, ಇಲಿಗಳು ಪರಿಚಿತ ಜಾಗದಲ್ಲೇ ಓಡಾಡಿದರೂ, ಒಂದು ದಿನ ದುಡಿದ ಕೋಶಗಳಲ್ಲಿ ಇನ್ನೊಂದು ದಿನವೂ ದುಡಿದವು ಶೇಕಡ 15ರಿಂದ 25 ಮಾತ್ರ. ಅಷ್ಟರಿಂದಲೇ ಜಾಗದ ಗುರುತು ವಾರಗಟ್ಟಲೆ ಉಳಿದಿತ್ತು. ಭಜನೆಗೆ ಬರುವವರು ಬದಲಾದರೂ ಹಾಡು ಅದೇ ಇರುವ ಹಾಗೆ.

ಆಲ್ಜೈಮರ್ ಕಾಯಿಲೆ ಮೊದಮೊದಲೇ ಹಾಳುಮಾಡುವ ಭಾಗಗಳಲ್ಲಿ ಇದೂ ಒಂದು. ಮನೆಯ ಹಿರಿಯರು ದಿನಾ ಹೋಗುವ ದೇವಸ್ಥಾನದ ದಾರಿಯನ್ನೇ ತಪ್ಪತೊಡಗಿದರೆ ‘ಅರಳು ಮರಳು’ ಎಂದು ನಗಬೇಡಿ, ಗದರಲೂಬೇಡಿ. ಬೇಗ ಡಾಕ್ಟರಿಗೆ ತೋರಿಸಿ.