‘ಎಳಸು’, ‘ಫ್ರೆಶರ್’, ‘ಕೋಡಂಗಿ’: ಈಗಷ್ಟೇ ಕಲಿಯುತ್ತಿರುವವರನ್ನು ಏನಂತ ಕರೆಯೋದು?

ಬಸ್ಸಲ್ಲಿ ಇಯರ್‌ಫೋನ್ ಹಾಕ್ಕೊಂಡು ಕೇಳ್ತಿರೋರಿಗೂ, ಇಲ್ಲಿ ಓದ್ತಿರೋರಿಗೂ ಸ್ವಾಗತ. ಇವತ್ತಿನ ವಿಷಯ ಒಂದೇ ಒಂದು ಪದ. ಒಂದು ಕೆಲಸವನ್ನ ಈಗಷ್ಟೇ ಕಲಿಯೋಕೆ ಶುರು ಮಾಡಿದವರಿಗೆ ನಮ್ಮಲ್ಲಿ ಸರಿಯಾದ ಹೆಸರು ಯಾವುದು?

ಈ ಪ್ರಶ್ನೆ ಯಾಕೆ ಬಂತು ಅಂತ ಮೊದಲು ಹೇಳ್ತೀನಿ. ಬಿ.ಕಾಂ. ಮುಗಿಸಿ ಒಂದು ಆಡಿಟ್ ಆಫೀಸಿಗೆ ಸೇರಿದ್ದೆ. ಮೊದಲ ದಿನವೇ ಸೀನಿಯರ್ ಒಬ್ಬರು, “ಇವನಿನ್ನೂ ಎಳಸು” ಅಂದ್ರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಇನ್ಮೇಲೆ ಯಾರನ್ನೂ ಏನೂ ಕೇಳಬಾರದು ಅಂತ ಅವತ್ತೇ ತೀರ್ಮಾನ ಮಾಡ್ಬಿಟ್ಟೆ. ಮೂರನೇ ವಾರ ಒಂದು ಅಂಗಡಿಯ ಜಿಎಸ್‌ಟಿ ಲೆಕ್ಕದಲ್ಲಿ ಒಂದೇ ಖರೀದಿ ಬಿಲ್ಲನ್ನ ಎರಡು ಸಲ ಎಂಟ್ರಿ ಮಾಡಿದೆ. ಅನುಮಾನ ಇತ್ತು, ಕೇಳಲಿಲ್ಲ. ರಿಟರ್ನ್ ಫೈಲ್ ಆಯ್ತು. ಇನ್‌ಪುಟ್ ಕ್ರೆಡಿಟ್ ಜಾಸ್ತಿ ತಗೊಂಡು ತೆರಿಗೆ ಕಮ್ಮಿ ಕಟ್ಟಿದ ಹಾಗಾಯ್ತು. ಕೊನೆಗೆ ಆ ಅಂಗಡಿಯವರು ಬಡ್ಡಿ ಸೇರಿಸಿ ಕಟ್ಟಬೇಕಾಯ್ತು. ನನ್ನ ಮೌನಕ್ಕೆ ಅವರ ದುಡ್ಡು ಹೋಯ್ತು.

ಈಗ ನಮ್ಮ ಹತ್ರ ಇರೋ ಪದಗಳನ್ನ ನೋಡೋಣ. ‘ಎಳಸು’ ಅಂದ್ರೆ ಇನ್ನೂ ಬಲಿಯದ್ದು. ‘ಅನನುಭವಿ’ ಅಂದ್ರೆ ಅನುಭವ ಇಲ್ಲದವನು. ಎರಡೂ ನಮ್ಮಲ್ಲಿ ಏನಿಲ್ಲ ಅನ್ನೋದನ್ನಷ್ಟೇ ಲೆಕ್ಕ ಹಾಕ್ತವೆ. ‘ಹೊಸಬ’ ಅನ್ನೋದು ಯಾವಾಗ ಬಂದ ಅಂತ ಹೇಳುತ್ತೆ, ಅಷ್ಟೇ. ಹತ್ತು ವರ್ಷ ಲೆಕ್ಕ ಬರೆದವರೂ ಬೇರೆ ಆಫೀಸಿಗೆ ಹೋದ್ರೆ ಹೊಸಬರೇ. ‘ಫ್ರೆಶರ್’ ರೆಸ್ಯೂಮೆಯ ಪದ. ‘ವಿದ್ಯಾರ್ಥಿ’ ಚೆನ್ನಾಗಿದೆ, ವಿದ್ಯೆಯನ್ನ ಬಯಸುವವರು ಅಂತ ಅರ್ಥ. ಆದರೆ ಅದನ್ನ ನಾವು ಶಾಲೆ, ಕಾಲೇಜಿಗೇ ಕಟ್ಟಿಹಾಕಿದ್ದೀವಿ.

ಈ ವಿಷಯದಲ್ಲಿ ಆರ್‌ಟಿಓ ನಮಗಿಂತ ಜಾಣ. ಎಲ್‌ಎಲ್‌ಆರ್ ಮಾಡಿಸಿದವರು ಗಾಡಿಯ ಹಿಂದೆ, ಮುಂದೆ ಬಿಳಿ ಬೋರ್ಡಿನ ಮೇಲೆ ಕೆಂಪು ‘ಎಲ್’ ಹಾಕಬೇಕು. ಕಾರಾದ್ರೆ ಪಕ್ಕದಲ್ಲಿ ಲೈಸೆನ್ಸ್ ಇರೋರು, ಬೇಕಾದಾಗ ಗಾಡಿ ನಿಲ್ಲಿಸೋಕೆ ಆಗುವ ಹಾಗೆ ಕೂತಿರಬೇಕು. 30 ದಿನ ಆದ್ಮೇಲೆ ಟೆಸ್ಟ್ ಕೊಡಬಹುದು, 6 ತಿಂಗಳಿಗೆ ಎಲ್‌ಎಲ್‌ಆರ್ ಅವಧಿ ಮುಗಿಯುತ್ತೆ. ಆ ಒಂದು ಅಕ್ಷರ ‘ಇವನಿಗೆ ಬರಲ್ಲ’ ಅಂತ ಹೇಳಲ್ಲ. ಇವನು ರಸ್ತೆಯಲ್ಲೇ ಕಲೀತಿದ್ದಾನೆ, ಪಕ್ಕದಲ್ಲಿ ಒಬ್ಬರಿದ್ದಾರೆ, ಸ್ವಲ್ಪ ಜಾಗ ಬಿಡಿ ಅನ್ನುತ್ತೆ.

ಇದಕ್ಕಿಂತ ಹಳೆಯ ಉದಾಹರಣೆ ಯಕ್ಷಗಾನದಲ್ಲಿದೆ. ‘ಕೋಡಂಗಿ’ ಅಂದ್ರೆ ನಮಗೆ ಬೈಗುಳ. ‘ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ’ ಅನ್ನೋ ಗಾದೆ ಸಾಲ ಕೊಟ್ಟು ಕೈಸುಟ್ಟುಕೊಂಡ ಎಲ್ಲರಿಗೂ ಗೊತ್ತು. ಆದರೆ ಕರಾವಳಿಯ ಮೇಳಗಳಲ್ಲಿ ಅದು ಒಂದು ವೇಷ. ರಾತ್ರಿಯ ಪ್ರಸಂಗ ಶುರುವಾಗೋ ಮೊದಲು ಪೂರ್ವರಂಗ ಅಂತ ಇರುತ್ತೆ. ಮೇಳಕ್ಕೆ ಹೊಸದಾಗಿ ಸೇರಿದ ಹುಡುಗರು ಅಲ್ಲಿ ಕೋಡಂಗಿಗಳಾಗಿ ಕುಣೀತಿದ್ರು. ಮುಂದೆ ಬಾಲಗೋಪಾಲ, ಆಮೇಲೆ ಪ್ರಸಂಗದಲ್ಲಿ ಚಿಕ್ಕಪುಟ್ಟ ವೇಷ. ಭಾಗವತರು, ಚೆಂಡೆ, ಮದ್ದಳೆ, ಜನ ಎಲ್ಲ ನಿಜವಾದದ್ದೇ. ತಾಳ ತಪ್ಪಿದ್ರೂ ಪ್ರಸಂಗ ಕೆಡಲ್ಲ. ಅಂದ್ರೆ ಕಲಿಯುವವರಿಗೆ ಅಲ್ಲೊಂದು ಹೆಸರಿತ್ತು, ರಂಗಸ್ಥಳದಲ್ಲಿ ಜಾಗವಿತ್ತು, ಮುಂದಿನ ಮೆಟ್ಟಿಲು ಯಾವುದು ಅಂತಲೂ ಗೊತ್ತಿತ್ತು.

ಈಗ ಕಾಲಮಿತಿ ಪ್ರದರ್ಶನಗಳು ಬಂದಿವೆ. ಕೆಲವೇ ಗಂಟೆಗಳಲ್ಲಿ ಆಟ ಮುಗೀಬೇಕು, ಹಾಗಾಗಿ ಮೊದಲು ಕತ್ತರಿ ಬೀಳೋದು ಪೂರ್ವರಂಗಕ್ಕೆ. ನಮ್ಮ ಆಫೀಸುಗಳದ್ದೂ ಇದೇ ಕಥೆ ಅಲ್ವಾ? ‘ಫ್ರೆಶರ್ ಬೇಕು, ಎರಡು ವರ್ಷ ಅನುಭವ ಇರಬೇಕು’ ಅಂತ ಜಾಹೀರಾತು. ಕೋಡಂಗಿ ಆಗೋಕೆ ಜಾಗ ಇಲ್ಲ, ನೇರವಾಗಿ ರಾಜವೇಷ ಹಾಕ್ಕೊಂಡು ಬರಬೇಕು! ಆಗ ಗೊತ್ತಿಲ್ಲದಿದ್ರೂ ಗೊತ್ತಿರೋ ಥರ ನಟಿಸ್ತೀವಿ. ನಾನು ಮಾಡಿದ್ದೂ ಅದನ್ನೇ.

ಹಾಗಾದ್ರೆ ಸರಿಯಾದ ಪದ ಯಾವುದು? ನನಗೆ ಸಿಕ್ಕಿದ್ದು ನಾಮಪದ ಅಲ್ಲ, ಕ್ರಿಯಾಪದ: ‘ಕಲೀತಿದ್ದೀನಿ’. ಆದರೆ ಬರೀ ಅಷ್ಟು ಹೇಳಿದ್ರೆ ಸಾಲದು. ಎಲ್ ಬೋರ್ಡಿನ ಥರ ಪೂರ್ತಿ ಹೇಳಬೇಕು. “ಸರ್, ಎಂಟ್ರಿ ಮಾಡೋಕೆ ಬರುತ್ತೆ. ಬಿಲ್ ತಾಳೆ ನೋಡೋದು ಕಲೀತಿದ್ದೀನಿ. ಫೈಲ್ ಮಾಡೋ ಮುಂಚೆ ಒಂದ್ಸಲ ನೋಡ್ತೀರಾ?” ಬರೋದು ಏನು, ಕಲೀತಿರೋದು ಏನು, ಯಾರು ಪಕ್ಕದಲ್ಲಿರಬೇಕು, ಮೂರೂ ಇದರಲ್ಲಿದೆ. ಮೊದಲ ಸಲ ಹೇಳುವಾಗ ನಾಲಿಗೆ ತಡವರಿಸುತ್ತೆ. ಆದ್ರೂ ಬಡ್ಡಿ ಕಟ್ಟಿಸೋದಕ್ಕಿಂತ ಅಗ್ಗ.

ನೀವೀಗ ಸೀನಿಯರ್ ಆಗಿದ್ರೆ ಒಂದು ಕೆಲಸ ಮಾಡಿ. ಹೊಸದಾಗಿ ಬಂದವರಿಗೆ “ಡೌಟ್ ಇದ್ರೆ ಕೇಳು” ಅಂತ ಹೇಳಿ ಸುಮ್ಮನಾಗಬೇಡಿ. ದಿನಕ್ಕೆ ಹತ್ತು ನಿಮಿಷ ನೀವೇ ಪಕ್ಕದಲ್ಲಿ ಕೂತ್ಕೊಳ್ಳಿ. ಅದೇ ಅವರ ಪೂರ್ವರಂಗ.

ಅಂದ ಹಾಗೆ, ಮಾತಾಡೋಕೆ ನನಗೆ ಬರುತ್ತೆ, ಆಡಿಯೋ ಎಡಿಟಿಂಗ್ ಇನ್ನೂ ಕಲೀತಿದ್ದೀನಿ. ಎಲ್ಲಾದ್ರೂ ಸದ್ದು ಕಿವಿಗೆ ಚುಚ್ಚಿದ್ರೆ ಹೇಳಿ, ಸರಿ ಮಾಡ್ಕೊಳ್ತೀನಿ. ಮುಂದಿನ ವಾರ ಸಿಗೋಣ.