ನಿಮಗಿದು ಗೊತ್ತೇ? ಬ್ಯಾಂಡ್ ಒಡೆಯಿತು, ಬೈಗುಳ ಉಳಿಯಿತು

ಬೀಟಲ್ಸ್ ತಂಡದಿಂದ ಮೊದಲು ಎದ್ದು ಹೋದವನು ಯಾರು? ಜಾನ್ ಲೆನನ್ ಎನ್ನುತ್ತೀರಾ, ಪಾಲ್ ಮೆಕಾರ್ಟ್ನಿ ಎನ್ನುತ್ತೀರಾ? ಎರಡೂ ತಪ್ಪು. ಯಾರ ತಂಟೆಗೂ ಹೋಗದ ಡ್ರಮ್ಮರ್ ರಿಂಗೊ ಸ್ಟಾರ್. 1968ರ ಆಗಸ್ಟ್‌ನಲ್ಲಿ, ಉಳಿದ ಮೂವರೂ ಒಂದು, ತಾನೊಬ್ಬ ಹೊರಗಿನವನು ಎಂದು ಅವನಿಗೆ ಅನಿಸಿಬಿಟ್ಟಿತು. ಹಾಗಂತ ಲೆನನ್‌ಗೆ ಹೇಳಿದರೆ ಅವನು, ‘ಅಯ್ಯೋ, ನೀವು ಮೂವರು ಒಂದು ಅಂತ ನಾನಂದುಕೊಂಡಿದ್ದೆ’ ಎನ್ನಬೇಕೆ! ಮೆಕಾರ್ಟ್ನಿಯ ಉತ್ತರವೂ ಅದೇ. ಇನ್ನೊಂದು ಬಾಗಿಲು ತಟ್ಟುವ ಉಸಾಬರಿಗೆ ಹೋಗದೆ ರಿಂಗೊ ಸಾರ್ಡೀನಿಯಾ ದ್ವೀಪಕ್ಕೆ ಹೊರಟುಹೋದ. ಅಲ್ಲಿ ನಟ ಪೀಟರ್ ಸೆಲರ್ಸ್‌ನ ವಿಹಾರನೌಕೆಯಲ್ಲಿ ಕುಳಿತು ಆಕ್ಟೋಪಸ್ ಮೇಲೊಂದು ಹಾಡು ಕಟ್ಟಿದ. ಸುಮಾರು ಎರಡು ವಾರ ಬಿಟ್ಟು ಬಂದಾಗ ಅವನ ಡ್ರಮ್ಸ್‌ಗೆ ಹೂವಿನ ಅಲಂಕಾರವಾಗಿತ್ತು.

ಎರಡನೆಯವನು ಜಾರ್ಜ್ ಹ್ಯಾರಿಸನ್. 1969ರ ಜನವರಿ 10ರಂದು ಊಟದ ಹೊತ್ತಿಗೆ ಹೊರಟುಬಿಟ್ಟ. ಎದ್ದೆ, ಅಭ್ಯಾಸಕ್ಕೆ ಹೋದೆ, ಬೀಟಲ್ಸ್ ಬಿಟ್ಟೆ, ಮನೆಗೆ ಬಂದೆ ಎಂದು ಆ ದಿನದ ಡೈರಿಯಲ್ಲಿ ಗೀಚಿಕೊಂಡಿದ್ದಾನೆ. ಹಾಲು ತರಲು ಹೋಗಿ ಬಂದಷ್ಟು ಸಲೀಸು! ಅವನೂ ಹತ್ತು–ಹನ್ನೆರಡು ದಿನದಲ್ಲಿ ವಾಪಸಾದ.

ಮೂರನೆಯವನು ಲೆನನ್. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಗೆಳೆಯರೆದುರು ವಿಚ್ಛೇದನದ ಮಾತೆತ್ತಿದ. ರೆಕಾರ್ಡ್ ಕಂಪನಿಯೊಂದಿಗೆ ಹೆಚ್ಚಿನ ರಾಯಧನದ ಕರಾರು ಕುದುರುತ್ತಿದ್ದ ಹೊತ್ತು ಅದು. ಆಮೇಲೆ ಹೇಳಿದರಾಯಿತು ಎಂದು ಬಾಯಿ ಮುಚ್ಚಿಸಿದರು.

ಕಟ್ಟಕಡೆಗೆ ಬಿಟ್ಟವನು ಮೆಕಾರ್ಟ್ನಿ. ಆದರೆ ತಂಡ ಒಡೆದವನೆಂಬ ಹಣೆಪಟ್ಟಿ ಅಂಟಿದ್ದು ಅವನಿಗೇ! 1970ರ ಏಪ್ರಿಲ್‌ನಲ್ಲಿ ತನ್ನ ಒಂಟಿ ಆಲ್ಬಮ್‌ನ ಪತ್ರಕರ್ತರ ಪ್ರತಿಗಳ ಜೊತೆ ಅವನೊಂದು ಪ್ರಶ್ನೋತ್ತರದ ಹಾಳೆ ಇಟ್ಟಿದ್ದ. ‘ಬಿಟ್ಟೆ’ ಎಂದು ಅದರಲ್ಲಿ ನೇರವಾಗಿ ಇರಲಿಲ್ಲ. ಲೆನನ್ ಜೊತೆ ಮತ್ತೆ ಹಾಡು ಬರೆಯುವ ಯೋಚನೆ ಇದೆಯೇ ಎಂಬ ಪ್ರಶ್ನೆಗೆ ಇಲ್ಲ ಎಂದಿತ್ತು. ಅಷ್ಟು ಸಾಕಾಯಿತು. 10ನೇ ತಾರೀಖು ‘ಡೈಲಿ ಮಿರರ್’ ಪತ್ರಿಕೆಯ ಮುಖಪುಟದಲ್ಲಿ ಪಾಲ್ ಬೀಟಲ್ಸ್ ಬಿಡುತ್ತಿದ್ದಾನೆಂಬ ಸುದ್ದಿ. ಲೆನನ್‌ಗೆ ಉರಿದದ್ದು ಇದಕ್ಕೆ: ತಂಡ ಕಟ್ಟಿದವನು ತಾನು, ಬಿಟ್ಟವನೂ ತಾನು, ಸಾರಿದವನು ಮಾತ್ರ ಇವನು. ತಾನೇ ಮೊದಲು ಸಾರಿ ಒಂದು ರೆಕಾರ್ಡ್ ಮಾರಿಕೊಳ್ಳಬಹುದಿತ್ತು, ದಡ್ಡನಾದೆ ಎಂದೂ ಹೇಳಿಕೊಂಡ.

ಅದಕ್ಕೂ ಹತ್ತು ದಿನ ಮೊದಲು ಇನ್ನೊಂದು ಪ್ರಸಂಗ. ಪಾಲ್‌ನ ಆಲ್ಬಮ್ ಮತ್ತು ತಂಡದ ಆಲ್ಬಮ್ ಒಟ್ಟಿಗೇ ಬಂದರೆ ವ್ಯಾಪಾರ ಕೆಡುತ್ತದೆ, ನಿನ್ನದನ್ನು ಮುಂದೆ ಹಾಕು ಎಂದು ಲೆನನ್ ಮತ್ತು ಹ್ಯಾರಿಸನ್ ಪತ್ರ ಬರೆದರು. ಒಯ್ಯುವವರು ಯಾರು? ಪಾಪದ ರಿಂಗೊ. ಅಂಚೆಯಲ್ಲಿ ಬಂದರೆ ಬೇಜಾರಾದೀತೆಂದು ತಾನೇ ಕೈಯಲ್ಲಿ ಹಿಡಿದು ಹೋದ. ಪಾಲ್ ಕೂಗಾಡಿ ಮನೆಯಿಂದ ಹೊರಗೆ ಹಾಕಿದ. ಹಿಂತಿರುಗಿದ ರಿಂಗೊ ಏನು ಮಾಡಿದ ಗೊತ್ತೇ? ಅವನಿಗೆ ಅಷ್ಟೊಂದು ಮುಖ್ಯವಾಗಿದ್ದರೆ ಅವನ ತಾರೀಖೇ ಇರಲಿ ಬಿಡಿ ಎಂದ.

ಸೊಸೆ ಕಾಲಿಟ್ಟ ಮೇಲೆ ಮನೆ ಒಡೆಯಿತು ಎಂಬ ಮಾತು ನಮ್ಮ ಕೂಡುಕುಟುಂಬಗಳದ್ದೇ ಎಂದುಕೊಂಡಿರಾ? ಲಂಡನ್ನಿನಲ್ಲೂ ಅದೇ ಕತೆ. ಲೆನನ್‌ನ ಹೆಂಡತಿ ಯೋಕೊ ಓನೊ ಸ್ಟುಡಿಯೊದಲ್ಲಿ ಗಂಡನ ಪಕ್ಕ ಕೂರುತ್ತಿದ್ದಳು. ಅದಕ್ಕೇ ಬೀಟಲ್ಸ್ ಮುರಿಯಿತು ಎಂದು ಜಗತ್ತು ತೀರ್ಮಾನಿಸಿತು. ಅಮೆರಿಕದ ‘ಎಸ್ಕ್ವೈರ್’ ಮಾಸಿಕವಂತೂ 1970ರ ಡಿಸೆಂಬರ್ ಸಂಚಿಕೆಯಲ್ಲಿ ಜಪಾನೀಯರ ಇಂಗ್ಲಿಷ್ ಉಚ್ಚಾರವನ್ನು ಅಣಕಿಸುವ ತಲೆಬರಹ ಕೊಟ್ಟು ಆಕೆಯ ಮೇಲೆ ಬರೆಯಿತು. ಇಂದು ಓದಿದರೆ ಹೇಸಿಗೆಯಾಗುತ್ತದೆ.

ತಮಾಷೆಯೆಂದರೆ, ಈ ಅಪವಾದ ಬರಲಿದೆ ಎಂದು ಪಾಲ್‌ಗೆ 1969ರ ಜನವರಿಯಲ್ಲೇ ಗೊತ್ತಿತ್ತು. ಯೋಕೊ ಆಂಪ್ಲಿಫೈಯರ್ ಮೇಲೆ ಕೂತಳು ಅಂತ ಇವರು ಬೇರೆಯಾದರಂತೆ ಎಂದು ಐವತ್ತು ವರ್ಷದ ಮೇಲೆ ಜನ ಆಡಿಕೊಳ್ಳುತ್ತಾರೆ ಎಂದು ಕ್ಯಾಮೆರಾ ಎದುರೇ ನಗಾಡಿದ್ದ. ಆ ದೃಶ್ಯ ಪೀಟರ್ ಜಾಕ್ಸನ್‌ನ ‘ಗೆಟ್ ಬ್ಯಾಕ್’ ಸಾಕ್ಷ್ಯಚಿತ್ರದಲ್ಲಿ ಹೊರಬಂದದ್ದು 2021ರಲ್ಲಿ. ಜನ ಆಗಲೂ ಆಡಿಕೊಳ್ಳುತ್ತಿದ್ದರು! ಯೋಕೊ ತಂಡ ಒಡೆಯಲಿಲ್ಲ ಎಂದು ಪಾಲ್ ಬಹಿರಂಗವಾಗಿ ಹೇಳಿದ್ದು 2012ರಲ್ಲಿ, ಡೇವಿಡ್ ಫ್ರಾಸ್ಟ್ ಜೊತೆಗಿನ ಸಂದರ್ಶನದಲ್ಲಿ. ಅಷ್ಟು ಹೊತ್ತಿಗೆ ಆಕೆಗೆ ಎಪ್ಪತ್ತೊಂಬತ್ತು ವರ್ಷ.

ಹಾಗಾದರೆ ಒಡೆದದ್ದು ಏನು? ನನ್ನನ್ನು ಕೇಳಿದರೆ, ಲೆಕ್ಕದ ಪುಸ್ತಕ. ತಂಡದ ಮ್ಯಾನೇಜರ್ ಬ್ರಯಾನ್ ಎಪ್‌ಸ್ಟೀನ್ 1967ರ ಆಗಸ್ಟ್‌ನಲ್ಲಿ 32ನೇ ವಯಸ್ಸಿಗೇ ತೀರಿಕೊಂಡ. ಯಜಮಾನನಿಲ್ಲದ ಮನೆ. ಮುಂದೆ ಲೆಕ್ಕಪತ್ರ ಯಾರ ಕೈಗೆ ಎಂಬ ಪ್ರಶ್ನೆ ಬಂದಾಗ ಜಾನ್, ಜಾರ್ಜ್, ರಿಂಗೊ ಮೂವರೂ ನ್ಯೂಯಾರ್ಕ್‌ನ ಆಲನ್ ಕ್ಲೈನ್ ಆಗಬಹುದೆಂದರು. ಪಾಲ್ ಸೂಚಿಸಿದ್ದು ವಕೀಲರಾದ ಲೀ ಈಸ್ಟ್‌ಮನ್ ಮತ್ತು ಜಾನ್ ಈಸ್ಟ್‌ಮನ್ ಅವರನ್ನು. ಅಂದರೆ ತನ್ನ ಹೆಂಡತಿ ಲಿಂಡಾಳ ಅಪ್ಪನನ್ನು, ಅಣ್ಣನನ್ನು! ಒಬ್ಬ ತಮ್ಮನ ಮಾವನ ಮನೆಯವರ ಕೈಗೆ ಬೀಗದ ಕೈ ಕೊಡಲು ಯಾವ ಅಣ್ಣತಮ್ಮಂದಿರು ಒಪ್ಪಿಯಾರು?

ಇನ್ನೊಂದು ಕಿಡಿ ಆಗಲೇ ಬಿದ್ದಿತ್ತು. ತನ್ನ ಮತ್ತು ಲೆನನ್‌ನ ಹಾಡುಗಳ ಹಕ್ಕುಳ್ಳ ಕಂಪನಿಯ ಷೇರುಗಳನ್ನು ಪಾಲ್ ಗೆಳೆಯನಿಗೆ ಹೇಳದೆ ಹೆಚ್ಚುವರಿಯಾಗಿ ಕೊಂಡಿಟ್ಟಿದ್ದ. ಗೊತ್ತಾದಾಗ ಲೆನನ್ ಕೆಂಡಾಮಂಡಲ. ಇಷ್ಟೆಲ್ಲ ಆಗಿ ಆ ಕಂಪನಿಯೂ ಇಬ್ಬರ ಕೈಗೆ ದಕ್ಕದೆ ಬೇರೆಯವರ ಪಾಲಾಯಿತು. 1985ರಲ್ಲಿ ಹಾಡುಗಳ ಹಕ್ಕನ್ನು 4.75 ಕೋಟಿ ಡಾಲರ್‌ಗೆ ಕೊಂಡವನು ಮೈಕಲ್ ಜಾಕ್ಸನ್. ಹಾಡಿನ ಹಕ್ಕಿನಲ್ಲಿ ಬಹಳ ದುಡ್ಡಿದೆ ಮಾರಾಯ ಎಂದು ಅವನ ಕಿವಿಗೆ ಹಾಕಿದವನು ಯಾರು? ಪಾಲ್ ಮೆಕಾರ್ಟ್ನಿ!

ಮೂವರ ಮಾತೇ ನಡೆದು ಲೆಕ್ಕಪತ್ರ ಹಿಡಿದ ಕ್ಲೈನ್‌ನಿಂದ ಬಿಡಿಸಿಕೊಳ್ಳಬೇಕೆಂದು ಪಾಲ್ ಹೊರಟರೆ, ಅವನ ಮೇಲೆ ದಾವೆ ಹೂಡುವಂತಿಲ್ಲ ಎಂದರು ವಕೀಲರು. ಪಾಲುದಾರಿಕೆ ಪತ್ರದಲ್ಲಿ ಕ್ಲೈನ್‌ನ ಹೆಸರೇ ಇಲ್ಲ. ಹಾಗಾಗಿ 1970ರ ಡಿಸೆಂಬರ್ 31ರಂದು ಪಾಲ್ ತನ್ನ ಮೂವರು ಗೆಳೆಯರ ಮೇಲೇ ಲಂಡನ್ ಹೈಕೋರ್ಟಿನಲ್ಲಿ ದಾವೆ ಹೂಡಿದ. 1971ರ ಮಾರ್ಚ್‌ನಲ್ಲಿ ನ್ಯಾಯಾಲಯ ಲೆಕ್ಕ ನೋಡಿಕೊಳ್ಳಲು ರಿಸೀವರ್ ನೇಮಿಸಿತು. ಪಾಲ್ ಗೆದ್ದ. ಅಭಿಮಾನಿಗಳ ಕಣ್ಣಿಗೆ ಖಳನಾದ.

1973ರಲ್ಲಿ ಉಳಿದ ಮೂವರೂ ಕ್ಲೈನ್‌ನನ್ನು ಬಿಟ್ಟು ಅವನ ಮೇಲೇ ದಾವೆ ಹೂಡಿದರು. ಪಾಲ್‌ನ ಅನುಮಾನ ಸರಿಯಿದ್ದಿರಬಹುದು ಎಂದು ಲೆನನ್ ಒಪ್ಪಿಕೊಂಡ. ಕ್ಲೈನ್ ಸುಮ್ಮನಿದ್ದನೇ? ಜಾರ್ಜ್‌ನ ‘ಮೈ ಸ್ವೀಟ್ ಲಾರ್ಡ್’ ಹಾಡು ಹಳೆಯದೊಂದರ ನಕಲು ಎಂಬ ಮೊಕದ್ದಮೆ ನಡೆಯುತ್ತಿತ್ತಲ್ಲ, ಮೊದಲು ಅದರಲ್ಲಿ ಜಾರ್ಜ್ ಪರ ಓಡಾಡಿದವನೇ ಈ ಕ್ಲೈನ್. ಕೆಲಸ ಹೋದ ಮೇಲೆ ಎದುರು ಪಕ್ಷದ ಕಂಪನಿಯ ಹಕ್ಕನ್ನೇ 5,87,000 ಡಾಲರ್ ಕೊಟ್ಟು ಕೊಂಡು, ಜಾರ್ಜ್‌ನಿಂದ ಪರಿಹಾರ ವಸೂಲಿ ಮಾಡಲು ಕೂತ! ಕೊಟ್ಟಷ್ಟೇ ತೆಗೆದುಕೊಂಡು ಹಕ್ಕನ್ನು ಜಾರ್ಜ್‌ಗೆ ಒಪ್ಪಿಸು ಎಂದಿತು 1981ರ ತೀರ್ಪು.

ಕೋರ್ಟಿನ ಹೊರಗೆ ಹಾಡಿನಲ್ಲೂ ಕುಟುಕಾಟ. ಪಾಲ್ 1971ರ ‘ರಾಮ್’ ಆಲ್ಬಮ್ಮಿನ ಮೊದಲ ಹಾಡಿನಲ್ಲೇ ಲೆನನ್‌ಗೆ ಚುಚ್ಚಿದ. ಹಿಂಬದಿ ಹೊದಿಕೆಯ ಮೇಲೆ ಒಂದು ಜೀರುಂಡೆ ಇನ್ನೊಂದರ ಮೇಲೇರಿದ ಫೋಟೊ! ಲೆನನ್ ಅದೇ ವರ್ಷದ ‘ಇಮ್ಯಾಜಿನ್’ ಆಲ್ಬಮ್ಮಿನಲ್ಲಿ ‘ಹೌ ಡು ಯೂ ಸ್ಲೀಪ್?’ ಎಂದು ಗೆಳೆಯನ ಮಾನ ಹರಾಜು ಹಾಕಿದ. ಜಗತ್ತಿಗೆಲ್ಲ ಶಾಂತಿ ಕೋರುವ ಹಾಡೂ ಅದೇ ತಟ್ಟೆಯಲ್ಲಿದೆ, ನೆನಪಿರಲಿ. ಬೈಗುಳದ ಹಾಡಿಗೆ ಗಿಟಾರ್ ನುಡಿಸಿದವನು ಜಾರ್ಜ್. ‘ರಾಮ್’ ಹೊದಿಕೆಯಲ್ಲಿ ಪಾಲ್ ಟಗರಿನ ಕೊಂಬು ಹಿಡಿದು ನಿಂತಿದ್ದ. ಲೆನನ್ ತಾನು ಹಂದಿಯ ಕಿವಿ ಹಿಡಿದ ಚಿತ್ರ ತೆಗೆಸಿ, ಅಂಚೆ ಕಾರ್ಡ್ ಮಾಡಿ ಆಲ್ಬಮ್ಮಿನೊಳಗೆ ತುರುಕಿದ.

ಅಂದಹಾಗೆ, ರಾಕ್ ಜಗಳಗಳಲ್ಲಿ ಹಂದಿಗಳಿಗೆ ಬಿಡುವೇ ಇಲ್ಲ.

ಎರಡನೆಯ ಹಂದಿ ಕ್ಯಾಲಿಫೋರ್ನಿಯಾದ್ದು. ‘ಕ್ರೀಡೆನ್ಸ್ ಕ್ಲಿಯರ್‌ವಾಟರ್ ರಿವೈವಲ್’ ತಂಡ 1972ರಲ್ಲಿ ಮುರಿದ ಮೇಲೆ ಗಾಯಕ ಜಾನ್ ಫೋಗರ್ಟಿ, ಕಂಪನಿಯ ಕರಾರಿನಿಂದ ಬಿಡುಗಡೆ ಸಿಕ್ಕರೆ ಸಾಕೆಂದು ತನ್ನ ರಾಯಧನವನ್ನೇ ಬಿಟ್ಟುಕೊಟ್ಟಿದ್ದ. 1985ರಲ್ಲಿ, ಕುಣಿಯಲು ಬಾರದ ಆದರೆ ಜೇಬು ಕತ್ತರಿಸಬಲ್ಲ ಹಂದಿಯೊಂದರ ಮೇಲೆ ಹಾಡು ಮಾಡಿ, ಅದಕ್ಕೆ ಕಂಪನಿಯ ಒಡೆಯ ಸಾಲ್ ಜೆಂಟ್ಸ್‌ನ ಹೆಸರನ್ನೇ ತುಸು ತಿರುಚಿ ಇಟ್ಟ. ಮಾನನಷ್ಟ ಮೊಕದ್ದಮೆ ಬಿದ್ದಾಗ ಒಂದಕ್ಷರ ಬದಲಿಸಿದ.

ಜೆಂಟ್ಸ್‌ನ ಕಂಪನಿ ಹೂಡಿದ ಮತ್ತೊಂದು ದಾವೆ ಇನ್ನೂ ಮಜವಾದದ್ದು. ಫೋಗರ್ಟಿಯ ಹೊಸ ಹಾಡು ಫೋಗರ್ಟಿಯದೇ ಹಳೆಯ ಹಾಡಿನ ನಕಲಂತೆ! ಹಳೆಯದರ ಹಕ್ಕು ಕಂಪನಿಯದ್ದು ತಾನೇ? 1988ರಲ್ಲಿ ಫೋಗರ್ಟಿ ಗಿಟಾರ್ ಹಿಡಿದೇ ಸಾಕ್ಷಿಕಟ್ಟೆ ಹತ್ತಿ, ಎರಡನ್ನೂ ನುಡಿಸಿ ತೋರಿಸಿ ಗೆದ್ದ. ವಕೀಲರ ಖರ್ಚು ಕೊಡಿ ಎಂಬ ಜಗಳ ಅಮೆರಿಕದ ಸುಪ್ರೀಂ ಕೋರ್ಟ್‌ವರೆಗೆ ಹೋಗಿ, 1994ರಲ್ಲಿ ಅಲ್ಲೂ ಅವನ ಪರ ತೀರ್ಪಾಯಿತು.

ಆ ಕಹಿಯಲ್ಲಿ ಫೋಗರ್ಟಿ ಹದಿನೈದು ವರ್ಷ ತನ್ನದೇ ಹಳೆಯ ಹಾಡುಗಳನ್ನು ವೇದಿಕೆಯಲ್ಲಿ ಹಾಡಲೊಲ್ಲದೆ ಕೂತಿದ್ದ. ನೀನು ಹಾಡದಿದ್ದರೆ ‘ಪ್ರೌಡ್ ಮೇರಿ’ ಟೀನಾ ಟರ್ನರ್‌ಳ ಹಾಡೆಂದೇ ಜನ ತಿಳಿಯುತ್ತಾರೆ ಎಂದು 1987ರಲ್ಲಿ ಬಾಬ್ ಡಿಲನ್ ಕುಟುಕಿದಾಗ ಬಾಯಿಬಿಟ್ಟ. ಅಂದು ಅದೇ ಸಣ್ಣ ವೇದಿಕೆಯಲ್ಲಿ ಇನ್ನೊಬ್ಬ ನೊಂದ ಜೀವವೂ ಇತ್ತು: ಜಾರ್ಜ್ ಹ್ಯಾರಿಸನ್. ಫೋಗರ್ಟಿಯ ತಂಡದಲ್ಲೇ ಗಿಟಾರ್ ನುಡಿಸುತ್ತಿದ್ದ ಅವನ ಒಡಹುಟ್ಟಿದ ಅಣ್ಣ ಟಾಮ್ 1990ರಲ್ಲಿ ತೀರಿಕೊಂಡ. ಅಣ್ಣತಮ್ಮಂದಿರ ರಾಜಿ ಆಗಿರಲಿಲ್ಲ.

ಮೂರನೆಯ ಹಂದಿ ಹಾರುತ್ತದೆ. ಪಿಂಕ್ ಫ್ಲಾಯ್ಡ್ ತಂಡದಿಂದ 1985ರಲ್ಲಿ ಹೊರಬಂದ ರೋಜರ್ ವಾಟರ್ಸ್, ತಾನಿಲ್ಲದ ಮೇಲೆ ಆ ಹೆಸರನ್ನು ಯಾರೂ ಬಳಸಕೂಡದೆಂದು ಮರುವರ್ಷ ಕೋರ್ಟಿಗೆ ಹೋದ. 1987ರ ಡಿಸೆಂಬರ್‌ನಲ್ಲಿ ತಂಡದ ಗಿಟಾರ್ ವಾದಕ ಡೇವಿಡ್ ಗಿಲ್ಮೋರ್‌ನ ದೋಣಿಮನೆಯಲ್ಲಿ, ಥೇಮ್ಸ್ ನದಿಯ ಮೇಲೆ, ರಾಜಿ ಪಂಚಾಯ್ತಿಯಾಯಿತು. ಹೆಸರು ಗಿಲ್ಮೋರ್‌ಗೆ, ‘ದ ವಾಲ್’ ಆಲ್ಬಮ್ ವಾಟರ್ಸ್‌ಗೆ. ಕಛೇರಿಗಳಲ್ಲಿ ಹಾರಿಸುತ್ತಿದ್ದ ಗಾಳಿ ತುಂಬಿದ ದೊಡ್ಡ ಹಂದಿ? ಅದೂ ವಾಟರ್ಸ್‌ನ ಹಕ್ಕಿನ ಸೊತ್ತು. ಗಿಲ್ಮೋರ್ ಕಡೆಯವರು ತಮ್ಮದು ಬೇರೆ ಹಂದಿ ಎಂದು ತೋರಿಸಲು ಅದಕ್ಕೆ ಎರಡು ಬೀಜ ಜೋಡಿಸಿ ಹಾರಿಸಿದರು!

ಇದೇ ತಂಡದ ಕೀಬೋರ್ಡ್ ವಾದಕ ರಿಚರ್ಡ್ ರೈಟ್‌ನನ್ನು ‘ದ ವಾಲ್’ ತಯಾರಿಯ ವೇಳೆಗೇ ಹೊರಹಾಕಿ, ಮುಂದಿನ ಪ್ರವಾಸಕ್ಕೆ ಸಂಬಳದ ಮೇಲೆ ಇಟ್ಟುಕೊಂಡಿದ್ದರು. ಪ್ರವಾಸ ಭಾರಿ ನಷ್ಟ. ಪಾಲುದಾರರು ಮೂವರೂ ಕೈಸುಟ್ಟುಕೊಂಡರು. ದುಡ್ಡು ಎಣಿಸಿಕೊಂಡು ಮನೆಗೆ ಹೋದವನು ಸಂಬಳದ ರೈಟ್ ಒಬ್ಬನೇ.

2002ರಲ್ಲಿ ಬೆಂಗಳೂರಿಗೆ ಬಂದು ಫ್ಲಾಯ್ಡ್ ಹಾಡುಗಳನ್ನು ಹಾಡಿದ ವಾಟರ್ಸ್ ಹಾಡಿದ್ದು ತನ್ನ ಒಂಟಿ ಹೆಸರಿನಲ್ಲಿ. ಹಾಗೇ 2012ರಲ್ಲಿ ಬೆಂಗಳೂರು ಕಂಡ ಗನ್ಸ್ ಎನ್ ರೋಸಸ್‌ನಲ್ಲಿ ಗಾಯಕ ಆಕ್ಸೆಲ್ ರೋಸ್ ಇದ್ದ, ಗಿಟಾರ್ ವಾದಕ ಸ್ಲ್ಯಾಶ್ ಇರಲಿಲ್ಲ. ಅವರಿಬ್ಬರೂ ಮತ್ತೆ ಒಂದೇ ವೇದಿಕೆ ಹತ್ತಿದ್ದು 2016ರಲ್ಲಿ. ನಮ್ಮೂರಿಗೆ ಅರ್ಧರ್ಧ ಬ್ಯಾಂಡುಗಳೇ ಗತಿ! ಫ್ಲಾಯ್ಡ್ ಹೆಸರಿಗಾಗಿ ದಾವೆ ಹೂಡಿದ್ದು ತಪ್ಪಾಯಿತೆಂದು ವಾಟರ್ಸ್ 2013ರಲ್ಲಿ ಒಪ್ಪಿಕೊಂಡ. ಗಿಲ್ಮೋರ್ ಜೊತೆಗಿನ ಜಗಳ ಅದಕ್ಕೂ ತಣ್ಣಗಾಗಲಿಲ್ಲ. 2024ರಲ್ಲಿ ಫ್ಲಾಯ್ಡ್ ರೆಕಾರ್ಡಿಂಗ್‌ಗಳ ಹಕ್ಕು ಸುಮಾರು 40 ಕೋಟಿ ಡಾಲರ್‌ಗೆ ಸೋನಿ ಪಾಲಾಯಿತೆಂದು ವರದಿಯಾಯಿತು. ಗಿಲ್ಮೋರ್ ಹೇಳಿದ ಕಾರಣ: ಈ ಕಿತ್ತಾಟ ತಪ್ಪಿದರೆ ಸಾಕು.

ಇನ್ನು ಚುಟುಕಾಗಿ. ಈಗಲ್ಸ್ ತಂಡದ ಗ್ಲೆನ್ ಫ್ರೈ ಮತ್ತು ಡಾನ್ ಫೆಲ್ಡರ್ 1980ರ ಜುಲೈ 31ರಂದು ವೇದಿಕೆಯ ಮೇಲೇ, ಹಾಡುಗಳ ನಡುವೆ, ಮುಗಿಯಲಿ ತಡಿ, ಇನ್ನು ಮೂರೇ ಹಾಡು ಎಂದು ಹೊಡೆದಾಟಕ್ಕೆ ಮುಹೂರ್ತ ಇಡುತ್ತಿದ್ದರು. ಕೇಳಿದವರಿಗೆ ಇಂಪಾದ ಪ್ರೇಮಗೀತೆ.

ದ ಸ್ಮಿತ್ಸ್ ತಂಡದ ಡ್ರಮ್ಮರ್ ಮೈಕ್ ಜಾಯ್ಸ್‌ಗೆ ಸಿಗುತ್ತಿದ್ದುದು ಲಾಭದ ಶೇಕಡಾ 10. ಸಮಪಾಲು ಕೇಳಿ 1996ರಲ್ಲಿ ಶೇ 25 ಗೆದ್ದ. ಗಾಯಕ ಮಾರಿಸ್ಸಿಯನ್ನು ನ್ಯಾಯಾಧೀಶರು ವಕ್ರಬುದ್ಧಿಯವ, ಮೊಂಡ, ನಂಬಲಾಗದವ ಎಂದರು. ಅವನು 2013ರ ಆತ್ಮಕತೆಯಲ್ಲಿ ಹತ್ತಾರು ಪುಟ ಅದೇ ಮೊಕದ್ದಮೆಗೆ ಸುರಿದಿದ್ದಾನೆ.

ಒಯಾಸಿಸ್ ತಂಡ 2009ರ ಆಗಸ್ಟ್‌ನಲ್ಲಿ ಪ್ಯಾರಿಸ್ಸಿನ ವೇದಿಕೆ ಹಿಂದೆ ಮುರಿದ ಮೇಲೆ ತಮ್ಮ ಲಿಯಮ್, ಅಣ್ಣ ನೋಯಲ್‌ನನ್ನು ವರ್ಷಗಟ್ಟಲೆ ಟ್ವಿಟರ್‌ನಲ್ಲಿ ಆಲೂಗಡ್ಡೆ ಎಂದೇ ಕರೆದ. 2025ರಲ್ಲಿ ಆಲೂಗಡ್ಡೆಯೂ ತಮ್ಮನೂ ಮತ್ತೆ ವೇದಿಕೆ ಹತ್ತಿದರು.

ಮತ್ತೆ ಬೀಟಲ್ಸ್‌ಗೆ ಬರೋಣ. ಅವರ ವಿಭಾಗ ಪತ್ರಕ್ಕೆ ಕೊನೆಯ ಸಹಿ ಎಲ್ಲಿ ಬಿತ್ತು ಗೊತ್ತೇ? 1974ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್‌ನ ಪ್ಲಾಜಾ ಹೋಟೆಲಿಗೆ ಲೆನನ್ ಬರಲೇ ಇಲ್ಲ, ಗ್ರಹಗತಿ ಸರಿಯಿಲ್ಲವಂತೆ! ಹತ್ತು ದಿನ ಬಿಟ್ಟು, ಮಕ್ಕಳು ಕುಣಿದಾಡುವ ಫ್ಲಾರಿಡಾದ ಡಿಸ್ನಿ ವರ್ಲ್ಡ್‌ನ ಹೋಟೆಲಿನಲ್ಲಿ ಸಹಿ ಹಾಕಿದ.

1976ರ ಏಪ್ರಿಲ್ 24ರ ರಾತ್ರಿ ಅಮೆರಿಕದ ‘ಸ್ಯಾಟರ್ಡೇ ನೈಟ್ ಲೈವ್’ ಎಂಬ ಹಾಸ್ಯ ಕಾರ್ಯಕ್ರಮದಲ್ಲಿ ನಿರ್ಮಾಪಕ ಲಾರ್ನ್ ಮೈಕಲ್ಸ್ ಗಂಭೀರ ಮುಖ ಹೊತ್ತು, ಬೀಟಲ್ಸ್ ಒಂದಾಗಿ ಬಂದು ಮೂರು ಹಾಡು ಹಾಡಿದರೆ 3,000 ಡಾಲರ್ ಕೊಡುತ್ತೇನೆ ಎಂದು ಚೆಕ್ ತೋರಿಸಿದ. ಹೇಗೆ ಬೇಕಾದರೂ ಹಂಚಿಕೊಳ್ಳಿ, ರಿಂಗೊಗೆ ಕಡಿಮೆ ಕೊಟ್ಟರೂ ನನ್ನ ಅಡ್ಡಿಯಿಲ್ಲ ಎಂದ. ಲೆನನ್ ಮುಂದೆ ಸಂದರ್ಶನದಲ್ಲಿ ಹೇಳಿದ ಪ್ರಕಾರ, ಆ ಹೊತ್ತಿಗೆ ಅವನೂ ಪಾಲೂ ಕಾರ್ಯಕ್ರಮ ನಡೆಯುತ್ತಿದ್ದ ನ್ಯೂಯಾರ್ಕ್‌ನಲ್ಲೇ ಇದ್ದ ಲೆನನ್‌ನ ಮನೆಯಲ್ಲಿ ಜೊತೆಗೆ ಕೂತು ಅದೇ ಕಾರ್ಯಕ್ರಮ ನೋಡುತ್ತಿದ್ದರು! ಟ್ಯಾಕ್ಸಿ ಹತ್ತಿ ಹೋಗಿಬಿಡೋಣವೇ ಎಂದುಕೊಂಡರು. ಸುಸ್ತಾಗಿತ್ತು, ಹೋಗಲಿಲ್ಲ.

ಆ ದುಡ್ಡು ಕೇಳಲು ನವೆಂಬರ್‌ನಲ್ಲಿ ಅದೇ ಕಾರ್ಯಕ್ರಮಕ್ಕೆ ಬಂದವನು ಜಾರ್ಜ್, ಒಬ್ಬನೇ. ಮೂರು ಸಾವಿರ ನಾಲ್ವರಿಗೂ ಸೇರಿ, ನಿನಗೆ ಬರುವುದು 750 ಎಂದ ಮೈಕಲ್ಸ್. ಇದು ತೀರಾ ಜುಗ್ಗತನವಾಯಿತು ಎಂದು ಗೊಣಗಿದ ಜಾರ್ಜ್.