ಲೋಟದೊಳಗಿನ ರಾಗಿ ಪೈರು, ಚೀಲದ ಮೇಲಿನ 46

ಯೂರಿಯಾ ಚೀಲದ ಮೇಲೆ 46 ಎಂಬ ಅಂಕಿ ಅಚ್ಚಾಗಿರುತ್ತದೆ. ಚೀಲವನ್ನು ಹೊತ್ತು ತಂದ ಅಪ್ಪನಿಗೂ, ಖಾಲಿಯಾದ ಮೇಲೆ ಅದನ್ನೇ ಕೊಪ್ಪೆ ಮಾಡಿಕೊಂಡು ಮಳೆಯಲ್ಲಿ ಶಾಲೆಗೆ ಹೊರಡುವ ಮಗಳಿಗೂ ಆ ಅಂಕಿ ಪರಿಚಿತ. ಅದೇ ಮಗಳು ಪರೀಕ್ಷೆಯಲ್ಲಿ ಯೂರಿಯಾದ ಅಣುಸೂತ್ರವನ್ನು ತಪ್ಪಿಲ್ಲದೆ ಬರೆದು ಅಂಕ ಗಳಿಸುತ್ತಾಳೆ. ಆದರೆ ಆ ಸೂತ್ರಕ್ಕೂ ಈ 46ಕ್ಕೂ ನಂಟಿದೆಯೆಂದು ಅವಳಿಗೆ ಯಾರೂ ಹೇಳಿರುವುದಿಲ್ಲ.

ನಂಟು ಸರಳವಾದದ್ದೇ. ಯೂರಿಯಾದ ಒಂದು ಅಣುವಿನಲ್ಲಿ ಒಂದು ಇಂಗಾಲ, ಒಂದು ಆಮ್ಲಜನಕ, ಎರಡು ಸಾರಜನಕ, ನಾಲ್ಕು ಜಲಜನಕದ ಪರಮಾಣುಗಳಿವೆ. 12, 16, 28, 4 ಕೂಡಿದರೆ 60. ಅದರಲ್ಲಿ ಸಾರಜನಕದ ಪಾಲು 28, ಎಂದರೆ ಶೇಕಡಾ 46ಕ್ಕೆ ತುಸು ಹೆಚ್ಚು. 45 ಕಿಲೋ ಚೀಲದಲ್ಲಿ ಬೆಳೆಗೆ ಬೇಕಾದ ಸಾರಜನಕ ಇರುವುದು 21 ಕಿಲೋಗಿಂತ ಸ್ವಲ್ಪ ಕಡಿಮೆ! ಕರಿಹಲಗೆಯ ಮೇಲೆ ಎರಡು ಸಾಲಿನಲ್ಲಿ ಮುಗಿಯುವ ಈ ಲೆಕ್ಕಕ್ಕೆ ಮಕ್ಕಳ ಕಣ್ಣಿನಲ್ಲಿ ಬೆಲೆ ಬರಬೇಕಾದರೆ ತರಗತಿಯೊಳಗೆ ಒಂದು ಗಿಡ ಇರಬೇಕು. ಸಾರಜನಕವಿಲ್ಲದೆ ಅದು ಹಳದಿಯಾಗುವುದನ್ನು ಅವರು ಕಣ್ಣಾರೆ ಕಾಣಬೇಕು.

ರಸಾಯನಶಾಸ್ತ್ರಕ್ಕೆ ಗಿಡ ಹೊಸ ಗುರುವೇನಲ್ಲ. ಬೆಲ್ಜಿಯಂ ಪ್ರದೇಶದ ವಾನ್ ಹೆಲ್ಮಾಂಟ್ ಎಂಬ ವೈದ್ಯ ಒಣಗಿಸಿದ 200 ಪೌಂಡ್ ಮಣ್ಣಿನಲ್ಲಿ 5 ಪೌಂಡ್ ತೂಕದ ವಿಲೋ ಸಸಿ ನೆಟ್ಟು ಐದು ವರ್ಷ ಬರೀ ನೀರೆರೆದ. ಮರ 169 ಪೌಂಡಿಗೂ ಹೆಚ್ಚಾಗಿತ್ತು. ಮಣ್ಣಿನಲ್ಲಿ ಕಡಿಮೆಯಾಗಿದ್ದದ್ದು ಸುಮಾರು 2 ಔನ್ಸ್ ಮಾತ್ರ. ಹಾಗಾದರೆ ಮರವೆಲ್ಲ ನೀರಿನಿಂದಲೇ ಆದದ್ದೆಂದು ಆತ ತೀರ್ಮಾನಿಸಿದ. ಅವನು ತೀರಿಕೊಂಡ ಮೇಲೆ, 1648ರಲ್ಲಿ, ಇದು ಪ್ರಕಟವಾಯಿತು. 'ಗ್ಯಾಸ್' ಎಂಬ ಪದವನ್ನು ಟಂಕಿಸಿದವನೂ, ಕಟ್ಟಿಗೆ ಉರಿಸಿದರೆ ಬರುವ ಅನಿಲವನ್ನು ಗುರುತಿಸಿದವನೂ ಇದೇ ವಾನ್ ಹೆಲ್ಮಾಂಟ್. ಆ ಅನಿಲವೇ ಮರದೊಳಗೆ ಸೇರಿಕೊಂಡಿದೆ ಎನ್ನುವುದು ಮಾತ್ರ ಅವನಿಗೆ ಹೊಳೆಯಲಿಲ್ಲ!

'ಮರದ ತೂಕ ಎಲ್ಲಿಂದ ಬಂತು?' ಎಂದು ಇಂದು ಯಾವ ತರಗತಿಯಲ್ಲಿ ಕೇಳಿದರೂ ಹೆಚ್ಚಿನ ಕೈಗಳು ಮಣ್ಣಿನ ಕಡೆಗೇ ತೋರಿಸುತ್ತವೆ. ಕೇಳಿದ ಕೂಡಲೇ ಉತ್ತರ ಹೇಳಿಬಿಡದ ಮೇಷ್ಟ್ರು ಜಾಣರು. ಅದೇ ಮಕ್ಕಳು ದ್ಯುತಿಸಂಶ್ಲೇಷಣೆಯ ಸಮೀಕರಣವನ್ನು ಪಟಪಟನೆ ಒಪ್ಪಿಸಬಲ್ಲರು. 264 ಗ್ರಾಂ ಇಂಗಾಲದ ಡೈಆಕ್ಸೈಡು, 108 ಗ್ರಾಂ ನೀರು ಸೇರಿ 180 ಗ್ರಾಂ ಗ್ಲೂಕೋಸು, 192 ಗ್ರಾಂ ಆಮ್ಲಜನಕ. ಸಮೀಕರಣ ಸರಿದೂಗಿಸುವುದೆಂದರೆ ಅಂಕಿಗಳ ಆಟವಲ್ಲ, ವಿಲೋ ಮರದ ಲೆಕ್ಕ ಒಪ್ಪಿಸುವುದು ಎಂದು ಆಗ ಅರ್ಥವಾಗುತ್ತದೆ.

ಮಣ್ಣಿಲ್ಲದ ಬೇಸಾಯ

1860ರ ಸುಮಾರಿನಲ್ಲಿ ಜರ್ಮನಿಯ ಜೂಲಿಯಸ್ ಸಾಕ್ಸ್ ಮತ್ತು ವಿಲ್‌ಹೆಲ್ಮ್ ಕ್ನಾಪ್ ಮಣ್ಣನ್ನೇ ಬಿಟ್ಟು, ಲವಣಗಳನ್ನು ಕರಗಿಸಿದ ನೀರಿನಲ್ಲಿ ಗಿಡ ಬೆಳೆಸಿದರು. ಕ್ನಾಪ್ ದ್ರಾವಣದ ಒಂದು ಪ್ರಚಲಿತ ರೂಪ ಯಾವ ಹೈಸ್ಕೂಲಿಗೂ ಎಟುಕುವಂಥದು. ಒಂದು ಲೀಟರ್ ನೀರಿಗೆ 0.8 ಗ್ರಾಂ ಕ್ಯಾಲ್ಸಿಯಂ ನೈಟ್ರೇಟ್. ಪೊಟ್ಯಾಸಿಯಂ ನೈಟ್ರೇಟ್, ಪೊಟ್ಯಾಸಿಯಂ ಡೈಹೈಡ್ರೋಜನ್ ಫಾಸ್ಫೇಟ್, ಮೆಗ್ನೀಸಿಯಂ ಸಲ್ಫೇಟ್ ತಲಾ 0.2 ಗ್ರಾಂ, ಜೊತೆಗೆ ಕಬ್ಬಿಣದ ಲವಣದ ಒಂದು ಚಿಟಿಕೆಗೂ ಕಡಿಮೆ. ಇಷ್ಟು ಸಣ್ಣ ತೂಕ ಮಾಡುವ ತಕ್ಕಡಿ ಇಲ್ಲದಿದ್ದರೆ ಒಮ್ಮೆಗೇ ಹತ್ತು ಲೀಟರ್ ತಯಾರಿಸಿದರಾಯಿತು. ಬೋರ್‌ವೆಲ್ ನೀರು ಬೇಡ. ಅದರಲ್ಲಿ ಮೊದಲೇ ಕ್ಯಾಲ್ಸಿಯಂ ಮತ್ತಿತರ ಲವಣಗಳು ಕರಗಿರುತ್ತವೆ. ಶಾಲೆ ಶುರುವಾಗುವ ಹೊತ್ತಿಗೆ ಮಳೆಗಾಲವೂ ಬಂದಿರುತ್ತದೆ. ಬಯಲಿನಲ್ಲಿ ಒಂದು ಶುಚಿಯಾದ ಬಕೆಟ್ ಇಟ್ಟರೆ ಸಾಕು.

ಲೋಟಗಳ ಬಾಯಿಗೆ ತೂತಿನ ರಟ್ಟು ಮುಚ್ಚಿ, ಮೊಳೆತ ಸಸಿಯನ್ನು ಹತ್ತಿಯಲ್ಲಿ ಸುತ್ತಿ ಬೇರು ಮಾತ್ರ ದ್ರಾವಣದಲ್ಲಿ ಇಳಿಯುವಂತೆ ನಿಲ್ಲಿಸಬೇಕು. ಲೋಟದ ಸುತ್ತ ಕಪ್ಪು ಕಾಗದ ಸುತ್ತದಿದ್ದರೆ ಬಿಸಿಲಿಗೆ ಪಾಚಿ ಕಟ್ಟುತ್ತದೆ. ಬೇರಿಗೂ ಗಾಳಿ ಬೇಕಾದ್ದರಿಂದ ದಿನಕ್ಕೆರಡು ಸಲ ದ್ರಾವಣವನ್ನು ಕಲಕಬೇಕು. ಒಂದು ಲೋಟದಲ್ಲಿ ಪೂರ್ಣ ದ್ರಾವಣ, ಇನ್ನೊಂದರಲ್ಲಿ ಸಾರಜನಕವಿಲ್ಲ, ಮತ್ತೊಂದರಲ್ಲಿ ಕಬ್ಬಿಣವಿಲ್ಲ.

'ಸಾರಜನಕ ತೆಗೆಯಿರಿ' ಎಂದರೆ ತೆಗೆಯುವುದು ಹೇಗೆ? ಕ್ಯಾಲ್ಸಿಯಂ ನೈಟ್ರೇಟನ್ನೇ ಬಿಟ್ಟರೆ ಸಾರಜನಕದ ಜೊತೆ ಕ್ಯಾಲ್ಸಿಯಮ್ಮೂ ಹೋಯಿತು. ಆಗ ಗಿಡ ಬಾಡಿದ್ದು ಯಾವುದರ ಕೊರತೆಯಿಂದ ಎಂದು ಹೇಳುವುದೆಂತು? ಆದ್ದರಿಂದ ನೈಟ್ರೇಟುಗಳ ಬದಲಿಗೆ ಕ್ಲೋರೈಡುಗಳನ್ನು ಹಾಕಬೇಕು. ಎಷ್ಟು? ಕ್ಯಾಲ್ಸಿಯಂ ನೈಟ್ರೇಟಿನ ಅಣುತೂಕ 164, ಕ್ಯಾಲ್ಸಿಯಂ ಕ್ಲೋರೈಡಿನದು 111, ಹಾಗಾಗಿ 0.8 ಗ್ರಾಂ ಬದಲಿಗೆ 0.54 ಗ್ರಾಂ. ಸೀಸೆಯ ಚೀಟಿಯಲ್ಲಿ ಹರಳಿನೊಳಗಿನ ನೀರು ನಮೂದಾಗಿದ್ದರೆ ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಮೋಲ್ ಎಂಬ ಪದ ಕೇಳಿದರೆ ಬೆಚ್ಚುವ ಹುಡುಗರು ಕೂಡ ಈ ಲೆಕ್ಕವನ್ನು ತಪ್ಪು ಮಾಡಲು ಒಪ್ಪುವುದಿಲ್ಲ. ತಪ್ಪಿದರೆ ಸಾಯುವುದು ಅವರ ಹೆಸರಿನ ಚೀಟಿ ಅಂಟಿಸಿದ ಗಿಡ!

ಫಲಿತಾಂಶಕ್ಕೆ ಅವಸರ ಸಲ್ಲದು. ಬೀಜದೊಳಗೆ ಅದರದೇ ಬುತ್ತಿ ಇರುತ್ತದೆ. ಮೆಕ್ಕೆಜೋಳದಂಥ ದಪ್ಪ ಕಾಳು ವಾರಗಟ್ಟಲೆ ಅದನ್ನೇ ಉಂಡು ಮೇಷ್ಟ್ರನ್ನು ಮೋಸಗೊಳಿಸಬಹುದು. ರಾಗಿ, ಸಾಸಿವೆಗಳ ಬುತ್ತಿ ಸಣ್ಣದು, ಬೇಗ ಮುಗಿಯುತ್ತದೆ. ಸಾರಜನಕ ಸಿಗದ ಸಸಿಯಲ್ಲಿ ಮೊದಲು ಹಳದಿಯಾಗುವುದು ಕೆಳಗಿನ ಹಳೆಯ ಎಲೆ. ಅಲ್ಲಿನ ಸಾರಜನಕವನ್ನು ಕಿತ್ತು ಗಿಡ ಚಿಗುರಿಗೆ ಸಾಗಿಸುತ್ತದೆ. ಕಬ್ಬಿಣ ಸಿಗದಿದ್ದರೆ ತದ್ವಿರುದ್ಧ: ಹೊಸ ಎಲೆಯೇ ಬಿಳಚಿಕೊಂಡು ನರಗಳಷ್ಟೇ ಹಸಿರಾಗಿ ಉಳಿಯುತ್ತವೆ, ಏಕೆಂದರೆ ಹಳೆಯ ಎಲೆಯಲ್ಲಿ ಕೂತ ಕಬ್ಬಿಣ ಅಲ್ಲಿಂದ ಅಷ್ಟು ಸುಲಭಕ್ಕೆ ಕದಲದು. ಇದನ್ನು ಒಮ್ಮೆ ನೋಡಿದ ಹುಡುಗಿ ಹೊಲದ ಬದುವಿನ ಮೇಲೆ ನಡೆಯುವಾಗ ಸುಮ್ಮನೆ ನಡೆಯಲಾರಳು.

ಕಪ್ಪು ಮಣ್ಣಿನ ನೊರೆ

ಲೋಟದ ಗಿಡದಿಂದ ಊರಿನ ಮಣ್ಣಿಗೆ ಒಂದೇ ಹೆಜ್ಜೆ. ವಿಜಯಪುರ, ಕಲಬುರಗಿ ಕಡೆಯ ಎರೆಮಣ್ಣಿಗೆ ತೆಳು ಹೈಡ್ರೋಕ್ಲೋರಿಕ್ ಆಮ್ಲದ ನಾಲ್ಕು ಹನಿ ಬಿಟ್ಟರೆ ಹಲವೆಡೆ ಬುಸ್ಸೆಂದು ನೊರೆ ಏಳುತ್ತದೆ. ಮಣ್ಣಿನಲ್ಲಿರುವ ಸುಣ್ಣದ ಕಾರ್ಬೊನೇಟು ಇಂಗಾಲದ ಡೈಆಕ್ಸೈಡನ್ನು ಹೊರಬಿಡುವ ಪರಿ ಇದು. ಮಲೆನಾಡು, ಕರಾವಳಿಗಳ ಆಮ್ಲೀಯ ಮಣ್ಣಿನಲ್ಲಿ ಆ ಸದ್ದಿಲ್ಲ. ಸುಣ್ಣ ತುಂಬಿದ ಎರೆಭೂಮಿಯಲ್ಲಿ ಶೇಂಗಾ ಹಳದಿ ತಿರುಗುವುದು ಕಬ್ಬಿಣ ಇಲ್ಲದ್ದರಿಂದಲ್ಲ; ಕ್ಷಾರದಲ್ಲಿ ಅದು ಕರಗದೆ ಬೇರಿಗೆ ದಕ್ಕದ್ದರಿಂದ. ರೈತರು ಅನ್ನಭೇದಿಯ ನೀರನ್ನು ಎಲೆಗೇ ಸಿಂಪಡಿಸುವುದು ಅದಕ್ಕಾಗಿಯೇ. ಅನ್ನಭೇದಿಯೆಂದರೆ ಪುಸ್ತಕದ ಫೆರಸ್ ಸಲ್ಫೇಟ್.

ಅಡಿಕೆ ತೋಟದವರ ಮಕ್ಕಳಿಗೆ ಇನ್ನೊಂದು ಪಾಠ ಮನೆಯಲ್ಲೇ ಇದೆ. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದಲ್ಲಿ ಮೈಲುತುತ್ತ ಹೆಚ್ಚಾಗಿದೆಯೇ ಎಂದು ನೋಡಲು ಹೊಳೆಯುವ ಕಬ್ಬಿಣದ ಚಾಕುವನ್ನು ಅದ್ದುತ್ತಾರೆ. ಅಲಗಿಗೆ ಕೆಂಪು ತಾಮ್ರ ಹಿಡಿದರೆ ಇನ್ನಷ್ಟು ಸುಣ್ಣ ಬೇಕೆಂದು ಅರ್ಥ. ಹತ್ತನೆಯ ತರಗತಿಯ ಸ್ಥಾನಪಲ್ಲಟ ಕ್ರಿಯೆ ಇದೇ ಅಲ್ಲವೇ?

ಇದಕ್ಕೆಲ್ಲ ಸಮಯವೆಲ್ಲಿದೆ ಎಂಬ ಮೇಷ್ಟ್ರ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಎಸ್ಸೆಸ್ಸೆಲ್ಸಿ ಫಲಿತಾಂಶದ ಶೇಕಡಾವಾರು ತಲೆಯ ಮೇಲೆ ತೂಗುತ್ತಿರುವಾಗ ರಾಗಿ ಸಸಿಗೆ ಕಾಯುವವರಾರು? ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯಲ್ಲಿ 1972ರಲ್ಲಿ 16 ಮಾಧ್ಯಮಿಕ ಶಾಲೆಗಳಲ್ಲಿ ಶುರುವಾದ ವಿಜ್ಞಾನ ಶಿಕ್ಷಣ ಕಾರ್ಯಕ್ರಮ ಇದಕ್ಕೊಂದು ಉತ್ತರ ಹುಡುಕಿತ್ತು. ಹಳ್ಳಿಯ ಸರಕಾರಿ ಶಾಲೆಯ ಮಕ್ಕಳು ಪ್ರಯೋಗ ಮಾಡಿಯೇ ಕಲಿತರು. ಪರೀಕ್ಷೆಯನ್ನೂ ಬದಲಿಸಿ, ಪುಸ್ತಕ ತೆರೆದಿಟ್ಟುಕೊಂಡು ಬರೆಯಲು ಬಿಟ್ಟರು. ಮೂರು ದಶಕ ನಡೆದ ಅದನ್ನು 2002ರಲ್ಲಿ ಸರಕಾರ ನಿಲ್ಲಿಸಿತು. ಪರೀಕ್ಷೆ ಬದಲಾಗದೆ ಪಾಠ ಮಾತ್ರ ಬದಲಾಗಲಿ ಎನ್ನುವುದು ಮೇಷ್ಟ್ರ ಮೇಲೆ ಹೊರೆ ಹೇರಿದಂತೆ. ಆದರೂ ಕಿಟಕಿಯ ಪಕ್ಕದ ಮೂರು ಲೋಟ ದಿನಕ್ಕೆ ಕೇಳುವುದು ಐದೇ ನಿಮಿಷ. ದಸರಾ ರಜೆಯಲ್ಲಿ ನೋಡಿಕೊಳ್ಳುವವರು ಯಾರೆಂಬುದೇ ದೊಡ್ಡ ತೊಡಕು.

2015ರಿಂದ ಮಣ್ಣು ಆರೋಗ್ಯ ಚೀಟಿ ಎಂಬುದು ರೈತರ ಮನೆಗಳಿಗೆ ಬರತೊಡಗಿತು. ಅದರಲ್ಲಿ ರಸಸಾರ, ಸಾರಜನಕ, ರಂಜಕ, ಸತು, ಕಬ್ಬಿಣ ಹೀಗೆ 12 ಅಂಶಗಳ ಲೆಕ್ಕ. ಎಷ್ಟೋ ಮನೆಗಳಲ್ಲಿ ಅದು ಪಡಿತರ ಚೀಟಿಯ ಜೊತೆ ಪೆಟ್ಟಿಗೆ ಸೇರುತ್ತದೆ. ಅದನ್ನು ಓದಿ ಹೇಳಬಲ್ಲವರು ಮನೆಯಲ್ಲಿದ್ದರೆ ಅದು ಹೈಸ್ಕೂಲಿಗೆ ಹೋಗುವ ಮಗನೋ ಮಗಳೋ ಆಗಿರಬೇಕು. ಡಿಎಪಿ ಚೀಲದ 18-46ರಲ್ಲಿ ಎರಡನೆಯ ಅಂಕಿ ರಂಜಕದ್ದಲ್ಲ, ರಂಜಕದ ಪೆಂಟಾಕ್ಸೈಡಿನದು. ಅದರ 142 ಭಾಗದಲ್ಲಿ ರಂಜಕ 62 ಮಾತ್ರ. ಹಾಗಾಗಿ 50 ಕಿಲೋ ಚೀಲದಲ್ಲಿ ನಿಜವಾದ ರಂಜಕ ಹತ್ತು ಕಿಲೋ. ಅಪ್ಪನಿಗೆ ಇದನ್ನು ಬಿಡಿಸಿ ಹೇಳುವ ಮಗಳಿಗೆ ಅಣುತೂಕ ಬಾಯಿಪಾಠದ ಸಂಗತಿಯಾಗಿ ಉಳಿದಿರುವುದಿಲ್ಲ.

ಪ್ರಯೋಗ ಮುಗಿದ ಮೇಲೆ ಸಸಿಗಳನ್ನು ಯಾರೂ ತಿನ್ನಬಾರದು. ನೈಟ್ರೇಟಿನ ಸೀಸೆಗಳನ್ನು ಬೆಂಕಿಯಿಂದ ದೂರ, ಬೀಗದೊಳಗೆ ಇಡಬೇಕು. ಉಳಿದ ದ್ರಾವಣವನ್ನು ಬಾವಿಯ ಬಳಿ ಚೆಲ್ಲದೆ ನೀರು ಬೆರೆಸಿ ಶಾಲೆಯ ತೆಂಗಿನ ಬುಡಕ್ಕೆ ಹಾಕಬಹುದು.